ಗುರಿಯಿಂದ ಕಾರ್ಯಯೋಜನೆಯವರೆಗೆ: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಪರಿಚಯ

ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಪೂರೈಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ನೇಮಕಗೊಂಡು, 1912ರಿಂದ 1918ರವರೆಗೆ ದಿವಾನರಾಗಿ ಸೇವೆ ಸಲ್ಲಿಸಿದರು. ಅಣೆಕಟ್ಟು, ಕಾರ್ಖಾನೆಗಳ ನಿರ್ಮಾತೃವೆಂದು ಮನೆಮಾತಾಗಿರುವ ಇವರು, ಸರ್ಕಾರದ ಗುರಿಗಳನ್ನು ಸಿಬ್ಬಂದಿಯ ದೈನಂದಿನ ಕರ್ತವ್ಯವನ್ನಾಗಿ ರೂಪಿಸಲು ಶ್ರಮಿಸಿದ ಆಡಳಿತಗಾರರೂ ಹೌದು.

ಮೈಸೂರು ಸಂಪದಭ್ಯುದಯ ಸಮಾಜ

ಇವರ ಸಲಹೆಯಂತೆ ನಾಲ್ವಡಿ ಕೃಷ್ಣರಾಜ ಒಡೆಯರ್ ರವರ ಆಶ್ರಯದಲ್ಲಿ 1911ರಲ್ಲಿ ಸಂಪದಭ್ಯುದಯ ಸಮಾಜವು ಆರಂಭವಾಯಿತು. ಶಿಕ್ಷಣ, ವ್ಯವಸಾಯ, ಕೈಗಾರಿಕೆ ಮತ್ತು ವಾಣಿಜ್ಯ ವಿಷಯಗಳಿಗೆ ಮೂರು ಪ್ರತ್ಯೇಕ ಸಮಿತಿಗಳು ರಚನೆಯಾದವು. ಜಿಲ್ಲೆ ಹಾಗೂ ತಾಲ್ಲೂಕು ಮಟ್ಟದಲ್ಲಿಯೂ ಅಧಿಕಾರಿಗಳು ಮತ್ತು ಸಾರ್ವಜನಿಕರನ್ನೊಳಗೊಂಡ ಸಮಿತಿಗಳು ಏರ್ಪಟ್ಟವು. ಇದರಿಂದ ಮೇಲಿನ ನಿರ್ಣಯವು ತಾಲ್ಲೂಕಿನ ಅಮಲ್ದಾರರ ಕೆಲಸದ ಪಟ್ಟಿಗೆ ಇಳಿಯಲು ದಾರಿಯಾಯಿತು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು ಇದೇ ಅವಧಿಯಲ್ಲಿ.

ದಕ್ಷತಾ ತಪಾಸಣೆ

ಲೆಕ್ಕ ತಪಾಸಣೆಯು ಹಣ ನಿಯಮಾನುಸಾರ ವೆಚ್ಚವಾಗಿದೆಯೇ ಎಂಬುದನ್ನು ನೋಡುತ್ತದೆ. ವಿಶ್ವೇಶ್ವರಯ್ಯನವರು ಜಾರಿಗೆ ತಂದ ದಕ್ಷತಾ ತಪಾಸಣೆಯು ಕಚೇರಿಯ ಕೆಲಸ ಕ್ರಮಬದ್ಧವಾಗಿ ನಡೆದಿದೆಯೇ ಎಂಬುದನ್ನು ಪರಿಶೀಲಿಸುವ ವ್ಯವಸ್ಥೆಯಾಗಿತ್ತು.

ಯಾವುದೇ ಯೋಜನೆಗೆ ಸಿಬ್ಬಂದಿಯೇ ಆಧಾರ. ಆ ಸಿಬ್ಬಂದಿ ಯಾರಾಗಿರಬೇಕೆಂಬ ಪ್ರಶ್ನೆಯೇ ಅವರ ನಿರ್ಗಮನಕ್ಕೆ ಕಾರಣವಾಯಿತು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪ್ರಾತಿನಿಧ್ಯ ಕಲ್ಪಿಸಲು ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದನ್ನೇ ಮಾನದಂಡವೆಂದು ನಂಬಿದ್ದ ದಿವಾನರು ಇದಕ್ಕೆ ಸಮ್ಮತಿಸದೆ ಅದೇ ವರ್ಷ ಹುದ್ದೆಯನ್ನು ತೊರೆದರು.

ಗ್ರಾಮ ಕೈಗಾರಿಕಾ ಯೋಜನೆ

ಸುಮಾರು 90ರ ವಯಸ್ಸಿನಲ್ಲಿ ಅವರು ಸಿದ್ಧಪಡಿಸಿದ ಗ್ರಾಮ ಕೈಗಾರಿಕೀಕರಣ ಯೋಜನೆಯು 1950ರ ಸುಮಾರಿಗೆ ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಮೊದಲಿಗೆ ಜಾರಿಗೆ ಬಂದಿತು. ಹಲವು ಹಳ್ಳಿಗಳಿಗೆ ಒಂದು ಗುಂಪು, ಗುಂಪಿಗೊಂದು ಸಮಿತಿ, ಆರಂಭಿಸಬೇಕಾದ ಕೈಗಾರಿಕೆಗಳ ನಿರ್ಧಾರ, ಉತ್ಪಾದನೆಯ ಲೆಕ್ಕ: ಇವು ಅದರ ಮುಖ್ಯ ಅಂಶಗಳಾಗಿದ್ದವು. ಇಂದಿನ ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ಸ್ ಸಿಟಿ ಪ್ರದೇಶಗಳು ಅಂದು ಬೆಂಗಳೂರು ನಗರದ ಹೊರವಲಯದಲ್ಲಿದ್ದವು. ಪೀಣ್ಯ ಮತ್ತು ಎಲೆಕ್ಟ್ರಾನಿಕ್ಸ್ ಸಿಟಿ 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶಗಳಾಗಿ ರೂಪುಗೊಂಡವು. ಎಲೆಕ್ಟ್ರಾನಿಕ್ಸ್ ಸಿಟಿಗೆ 2013ರಲ್ಲಿ ಪ್ರತ್ಯೇಕ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ರಚನೆಯಾಯಿತು.

1955ರಲ್ಲಿ ಭಾರತರತ್ನ ಪುರಸ್ಕೃತರಾದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ನಿಧನರಾದರು. ಗುರಿಯನ್ನು ಘೋಷಿಸಿದಷ್ಟಕ್ಕೆ ಕೆಲಸ ಮುಗಿಯುವುದಿಲ್ಲ. ಯಾರು, ಯಾವಾಗ, ಎಷ್ಟು ಮಾಡಬೇಕೆಂಬುದು ನಿಗದಿಯಾದಾಗ ಮಾತ್ರ ಅದು ಜನರನ್ನು ತಲುಪುತ್ತದೆ ಎಂಬುದು ಸ್ಥಳೀಯ ಸಂಸ್ಥೆಗಳ ಪ್ರತಿಯೊಬ್ಬ ನೌಕರರಿಗೂ ಅವರ ಜೀವನ ನೀಡುವ ಪಾಠವಾಗಿದೆ.