ಮುಖಕ್ಕೆ ಕರೆಂಟ್ ಕೊಟ್ಟ ಡಾಕ್ಟರ್

ಈ ಸಲದ ಲೇಖನ ಶುರುವಾಗಿದ್ದು ಒಂದು ಫೋನ್ ಕಾಲ್‌ನಿಂದ. ನಮ್ಮ ಬ್ಯಾಚಿನ ಗೆಳತಿಯೊಬ್ಬಳ ಅಮ್ಮ ಮೈಕ್ರೋಕರೆಂಟ್ ಫೇಶಿಯಲ್ ಡಿವೈಸ್ ಅನ್ನೋದರ ಜಾಹೀರಾತು ನೋಡಿದ್ದರು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ, ತುದಿಯಲ್ಲಿ ಎರಡು ಲೋಹದ ಗುಂಡು. ಮುಖಕ್ಕೆ ಜೆಲ್ ಹಚ್ಚಿಕೊಂಡು ದಿನಕ್ಕೆ ಐದು ನಿಮಿಷ ಆಡಿಸಿದರೆ ಜೋತುಬಿದ್ದ ಕೆನ್ನೆ ಮೇಲೇಳುತ್ತೆ, ಸುಕ್ಕು ಹೋಗುತ್ತೆ ಅಂತ ಅದರಲ್ಲಿತ್ತು. ಹೆಸರಾದ ಬ್ರ್ಯಾಂಡಿನದು ಬೇಕಂದ್ರೆ ಹತ್ತಾರು ಸಾವಿರ ರೂಪಾಯಿ. ಚೀಟಿ ಎತ್ತಿದ ದುಡ್ಡು ಆಂಟಿ ಕೈಯಲ್ಲಿತ್ತು. ಮಗಳು ಇಂಜಿನಿಯರಿಂಗ್ ಓದ್ತಿದ್ದಾಳೆ, ಕರೆಂಟಿನ ವಿಷಯ ಅವಳಿಗೆ ಗೊತ್ತಿರುತ್ತೆ ಅಂತ ಅವಳನ್ನೇ ಕೇಳಿದರು. ಅವಳು ನಮ್ಮನ್ನ ಕೇಳಿದಳು. ನಮಗ್ಯಾರಿಗೂ ಗೊತ್ತಿರಲಿಲ್ಲ.

ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಸುಮಾರು 150 ವರ್ಷದ ಹಿಂದೆ ತೀರಿಕೊಂಡ ಒಬ್ಬ ಫ್ರೆಂಚ್ ಡಾಕ್ಟರ್. ಮನುಷ್ಯನ ಮುಖಕ್ಕೆ ಕರೆಂಟ್ ಕೊಟ್ಟರೆ ಏನಾಗುತ್ತೆ, ಏನಾಗಲ್ಲ ಅಂತ ಒಂದೊಂದೇ ಸ್ನಾಯು ಹಿಡಿದು ನೋಡಿದವರು ಅವರು. ಅವರ ಕಥೆ ಓದಿದ ಮೇಲೆ ಆಂಟಿಗೆ ಉತ್ತರ ಹೇಳೋದು ಸುಲಭವಾಯ್ತು.

ಗಿಯೋಮ್ ಬೆಂಜಮಿನ್ ಡುಶೆನ್ ಹುಟ್ಟಿದ್ದು 1806ರ ಸೆಪ್ಟೆಂಬರ್‌ನಲ್ಲಿ, ಫ್ರಾನ್ಸಿನ ಉತ್ತರ ಕರಾವಳಿಯ ಬೂಲೋನ್ ಅನ್ನೋ ಬಂದರು ಊರಿನಲ್ಲಿ. ಮನೆತನದವರು ಸಮುದ್ರ ನಂಬಿ ಬದುಕಿದವರು. ಮಗನೂ ಹಡಗು ಹತ್ತಲಿ ಅಂತ ಅಪ್ಪನ ಆಸೆ. ಮಗ ಮಾತ್ರ ಡಾಕ್ಟರಾಗಬೇಕು ಅಂತ ಪ್ಯಾರಿಸ್‌ಗೆ ಹೋದರು. ಅಪ್ಪ ಹೇಳಿದ್ದು ಬಿಟ್ಟು ತನಗೆ ಬೇಕಾದ ಕೋರ್ಸ್ ಸೇರಿದ್ದು ಓದಿ ನಮ್ಮಲ್ಲಿ ಕೆಲವರಿಗೆ ಸ್ವಲ್ಪ ಹೊಟ್ಟೆಕಿಚ್ಚಾಯ್ತು! 1831ರಲ್ಲಿ ಡುಶೆನ್ ಡಿಗ್ರಿ ಮುಗಿಸಿದರು. ಅದೇ ವರ್ಷ ಲಂಡನ್‌ನಲ್ಲಿ ಮೈಕೆಲ್ ಫ್ಯಾರಡೆ ವಿದ್ಯುತ್ಕಾಂತೀಯ ಇಂಡಕ್ಷನ್ ಕಂಡುಹಿಡಿದರು. ನಮಗೆ ಅದು ಪರೀಕ್ಷೆಗೆ ಬರುವ ಒಂದು ಫಾರ್ಮುಲಾ. ಡುಶೆನ್‌ಗೆ ಮುಂದೆ ಅದೇ ಜೀವನವಾಯ್ತು.

ಓದು ಮುಗಿಸಿ ಊರಿಗೆ ಬಂದು ಪ್ರಾಕ್ಟೀಸ್ ಶುರು ಮಾಡಿದರು, ಮದುವೆಯೂ ಆಯ್ತು. ಎರಡು ವರ್ಷದೊಳಗೆ ಹೆಂಡತಿ ಬಾಣಂತನದಲ್ಲಿ ತೀರಿಹೋದರು. ಹೆರಿಗೆ ಮಾಡಿಸಿದ್ದು ಡುಶೆನ್ ಅವರೇ. ಸಾವಿಗೆ ಅವರೇ ಕಾರಣ ಅಂತ ಅತ್ತೆ ಊರೆಲ್ಲ ಮಾತು ಹಬ್ಬಿಸಿದರು. ಹುಟ್ಟಿದ ಮಗು ಎಮಿಲ್‌ನನ್ನ ಹೆಂಡತಿ ಮನೆಯವರೇ ಇಟ್ಟುಕೊಂಡರು. ಅಪ್ಪ ಮಗ ಮತ್ತೆ ಹತ್ತಿರವಾಗಲು ವರ್ಷಗಟ್ಟಲೆ ಬೇಕಾಯ್ತು.

ಆ ಒಂಟಿತನದ ದಿನಗಳಲ್ಲೇ, 1835ರ ಹೊತ್ತಿಗೆ, ಅವರು ಕರೆಂಟಿನ ಕಡೆ ತಿರುಗಿದರು. ಆಗಿನ ಪದ್ಧತಿಯಲ್ಲಿ ಸೂಜಿ ಚುಚ್ಚಿ ಅದರ ಮೂಲಕ ಕರೆಂಟ್ ಹರಿಸುತ್ತಿದ್ದರು. ಮುಂದೆ ಡುಶೆನ್ ಸೂಜಿ ಬಿಟ್ಟುಬಿಟ್ಟರು. ಒದ್ದೆ ಮಾಡಿದ ಎರಡು ಎಲೆಕ್ಟ್ರೋಡ್‌ಗಳನ್ನ ಚರ್ಮದ ಮೇಲೆ ಸರಿಯಾದ ಜಾಗಕ್ಕೆ ಒತ್ತಿದರೆ ಬೇಕಾದ ಒಂದೇ ಸ್ನಾಯುವನ್ನ ಕುಗ್ಗಿಸಬಹುದು ಅಂತ ತೋರಿಸಿಕೊಟ್ಟರು. ಒಣ ಚರ್ಮದ ರೆಸಿಸ್ಟೆನ್ಸ್ ಜಾಸ್ತಿ, ಒದ್ದೆ ಚರ್ಮದ್ದು ಕಮ್ಮಿ. ಈಗಿನ ಡಿವೈಸ್ ಜೊತೆ ಜೆಲ್ ಕೊಡೋದೂ ಇದೇ ಕಾರಣಕ್ಕೆ.

1842ರಲ್ಲಿ ಅವರು ಪ್ಯಾರಿಸ್‌ಗೆ ವಾಪಸ್ ಬಂದರು. ಅಲ್ಲಿ ಅವರಿಗೆ ಆಸ್ಪತ್ರೆಯಲ್ಲಿ ಹುದ್ದೆ ಇರಲಿಲ್ಲ, ಕಾಲೇಜಿನಲ್ಲಿ ಪಾಠ ಮಾಡುವ ಕೆಲಸವೂ ಇರಲಿಲ್ಲ. ಕಡೇವರೆಗೂ ಸಿಗಲೂ ಇಲ್ಲ. ಬ್ಯಾಟರಿ, ಇಂಡಕ್ಷನ್ ಕಾಯಿಲ್ ಇದ್ದ ಪೆಟ್ಟಿಗೆ ಹಿಡ್ಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ವಿಚಿತ್ರವಾದ ಪಾರ್ಶ್ವವಾಯು ರೋಗಿಗಳನ್ನ ಹುಡುಕಿ ನೋಡುತ್ತಿದ್ದರು. ಊರ ಕಡೆಯ ಮಾತು, ಊರ ಕಡೆಯ ರೀತಿ ನೋಡಿ ಕೆಲವು ಡಾಕ್ಟರುಗಳು ನಗುತ್ತಿದ್ದರು. ಡುಶೆನ್ ಬರೋದು ಬಿಡಲಿಲ್ಲ. 1855ರಲ್ಲಿ ಸ್ಥಳೀಯ ವಿದ್ಯುತ್ ಚಿಕಿತ್ಸೆ ಬಗ್ಗೆ ಅವರ ದೊಡ್ಡ ಪುಸ್ತಕ ಬಂತು. ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಪ್ರಸಿದ್ಧ ನರರೋಗ ತಜ್ಞ ಶಾರ್ಕೋ ಅವರೇ ಡುಶೆನ್‌ರನ್ನ ತಮ್ಮ ಗುರು ಅಂತ ಒಪ್ಪಿಕೊಂಡರು.

ಈಗ ಮುಖದ ವಿಷಯಕ್ಕೆ ಬರೋಣ. 1862ರಲ್ಲಿ ಅವರು ಮುಖಭಾವಗಳ ಬಗ್ಗೆ ಪುಸ್ತಕ ತಂದರು, ಫೋಟೋಗಳ ಸಮೇತ. ಆ ಫೋಟೋಗಳಲ್ಲಿ ಮತ್ತೆ ಮತ್ತೆ ಕಾಣೋದು ಹಲ್ಲಿಲ್ಲದ, ತೆಳ್ಳಗಿನ ಮುಖದ ಒಬ್ಬ ಮುದುಕ. ಅವನ ಮುಖದ ಚರ್ಮಕ್ಕೆ ನೋವು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ಜೋರು ಕರೆಂಟನ್ನೂ ತಡೆದುಕೊಂಡ. ಹಣೆ ಮೇಲೆ ಎಲೆಕ್ಟ್ರೋಡ್ ಇಟ್ಟರೆ ಆಶ್ಚರ್ಯ, ಹುಬ್ಬಿನ ಮಧ್ಯೆ ಇಟ್ಟರೆ ದುಃಖ, ಕೆನ್ನೆ ಮೇಲೆ ಇಟ್ಟರೆ ನಗು. ಒಬ್ಬ ಬಡ ರೋಗಿಯನ್ನ ಹೀಗೆ ಬಳಸಿಕೊಂಡಿದ್ದು ಸರೀನಾ ಅನ್ನೋ ಪ್ರಶ್ನೆ ಇವತ್ತು ನಮಗೆ ಬರುತ್ತೆ, ಬರಲೇಬೇಕು. ಒಂದೊಂದು ಭಾವಕ್ಕೂ ಒಂದೊಂದು ಸ್ನಾಯು ಅಂತ ಡುಶೆನ್ ನಂಬಿದ್ದೂ ಪೂರ್ತಿ ಸರಿಯಲ್ಲ, ಹೆಚ್ಚಿನ ಭಾವಗಳಿಗೆ ಹಲವು ಸ್ನಾಯು ಒಟ್ಟಿಗೆ ಬೇಕು.

ಆದ್ರೆ ನಗುವಿನ ಬಗ್ಗೆ ಅವರು ಕಂಡುಕೊಂಡಿದ್ದು ಈಗಲೂ ಪಾಠದಲ್ಲಿದೆ. ಕೆನ್ನೆಯ ಸ್ನಾಯುವಿಗೆ ಕರೆಂಟ್ ಕೊಟ್ಟಾಗ ತುಟಿ ಅಗಲವಾಯ್ತು, ಕಣ್ಣು ಮಾತ್ರ ನಗಲಿಲ್ಲ. ಕಣ್ಣಿನ ಸುತ್ತಲಿನ ಸ್ನಾಯು ನಿಜವಾಗಿ ಖುಷಿಯಾದಾಗ ಮಾತ್ರ ತಾನಾಗಿ ಸೇರಿಕೊಳ್ಳುತ್ತೆ ಅಂದರು ಅವರು. ಮನಸಾರೆ ನಗೋದಕ್ಕೆ ಡುಶೆನ್ ಸ್ಮೈಲ್ ಅನ್ನೋ ಹೆಸರು ಬಂದಿದ್ದು ಹಾಗೆ.

ಈ ಪ್ರಯೋಗದಿಂದ ಆಂಟಿ ಪ್ರಶ್ನೆಗೆ ಮೂರು ವಿಷಯ ನಮಗೆ ಸಿಕ್ಕವು.

ಮೊದಲನೇದು ಕರೆಂಟಿನ ಪ್ರಮಾಣ. ಡುಶೆನ್ ಕೊಟ್ಟ ಕರೆಂಟಿಗೆ ಸ್ನಾಯು ಕಣ್ಣಿಗೆ ಕಾಣುವಂತೆ ಕುಗ್ಗುತ್ತಿತ್ತು. ಚರ್ಮದ ಮೇಲಿಂದ ಹಾಗೆ ಮಾಡಲು ಸಾಮಾನ್ಯವಾಗಿ ಕೆಲವು ಮಿಲಿಆಂಪಿಯರ್ ಬೇಕು. ಮೈಕ್ರೋಕರೆಂಟ್ ಅಂದರೆ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ, ಮೈಕ್ರೋಆಂಪಿಯರ್ ಲೆಕ್ಕದ್ದು. ಹೆಚ್ಚಿನವರಿಗೆ ಅದು ಗೊತ್ತೇ ಆಗಲ್ಲ, ಸ್ನಾಯುವೂ ಕುಗ್ಗಲ್ಲ. ಹಾಗಿದ್ದರೂ ಜಾಹೀರಾತು ಅದನ್ನ ಮುಖದ ಜಿಮ್ ಅನ್ನುತ್ತೆ. ಎತ್ತದೇ ಇರೋ ಡಂಬೆಲ್‌ನಿಂದ ತೋಳು ದಪ್ಪ ಆಗುತ್ತಾ?

ಸ್ನಾಯು ಕುಗ್ಗಿಸುವ ಜೋರು ಕರೆಂಟಿನ ಬೇರೆ ಜಾತಿ ಯಂತ್ರಗಳೂ ಇವೆ. 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೆಂಗಸರು 12 ವಾರ ಅಂಥದ್ದನ್ನ ಬಳಸಿದಾಗ ಕೆನ್ನೆಯ ಸ್ನಾಯು ಸ್ವಲ್ಪ ದಪ್ಪವಾಗಿತ್ತು. ಅದು ಮೈಕ್ರೋಕರೆಂಟ್ ಅಲ್ಲ. ಮೈಕ್ರೋಕರೆಂಟ್ ಮಾರುವವರು ಹೆಚ್ಚಾಗಿ ಹೇಳೋದು ಜೀವಕೋಶದ ಶಕ್ತಿಯಾದ ಎಟಿಪಿ ಐದು ಪಟ್ಟು ಹೆಚ್ಚುತ್ತೆ ಅಂತ. ಆ ಅಂಕಿ ಬಂದಿದ್ದು 1982ರ ಒಂದು ಅಧ್ಯಯನದಿಂದ. ಅಲ್ಲಿ ಕರೆಂಟ್ ಕೊಟ್ಟಿದ್ದು ಇಲಿಯ ಚರ್ಮಕ್ಕೆ, ಮನುಷ್ಯರ ಮುಖಕ್ಕಲ್ಲ.

ಎರಡನೇದು, ಸ್ವಿಚ್ ಆಫ್ ಮಾಡಿದ ಮೇಲೆ ಏನುಳಿಯುತ್ತೆ ಅನ್ನೋದು. ಮುದುಕನ ನಗು ಕರೆಂಟ್ ಇರೋತನಕ ಮಾತ್ರ. ತೆಗೆದ ಕೂಡಲೇ ಮುಖ ಮೊದಲಿನ ಹಾಗೇ ಆಗುತ್ತಿತ್ತು. ಅದಕ್ಕೇ ಡುಶೆನ್ ಕ್ಯಾಮೆರಾ ತಂದರು, ನಗುವನ್ನ ಹಿಡಿದಿಡೋಕೆ ಫೋಟೋ ಬೇಕಿತ್ತು. ಜೆಲ್ ಹಚ್ಚಿ ಉಜ್ಜಿದ ತಕ್ಷಣ ಮುಖ ಕಳಕಳಿಯಾಗಿ ಕಾಣಬಹುದು, ಬರೀ ಮಸಾಜ್‌ಗೂ ಹಾಗಾಗುತ್ತೆ. ಕಂಪನಿಗಳೇ ಮೊದಲು ವಾರಕ್ಕೆ ಐದು ದಿನ, ಆಮೇಲೂ ವಾರಕ್ಕೆ ಎರಡು ಮೂರು ದಿನ ಬಿಡದೆ ಮಾಡಿ ಅನ್ನುತ್ತವೆ. ಹಾಗಾಗಿ ಬೆಲೆ ಜೊತೆ ಜೆಲ್ ಖರ್ಚು, ದಿನದ ಸಮಯ ಎರಡನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಮೂರನೇದು, ಕಣ್ಣನ್ನ ಸುಮ್ಮನೆ ನಂಬಬಾರದು ಅನ್ನೋದು. ಕೆಲವು ಫೋಟೋಗಳಲ್ಲಿ ಡುಶೆನ್ ಮುಖದ ಒಂದೊಂದು ಬದಿಯಲ್ಲಿ ಒಂದೊಂದು ಭಾವ ಬರಿಸಿ, ಅರ್ಧ ಮುಚ್ಚಿಕೊಂಡು ಹೋಲಿಸಿ ನೋಡಲು ಹೇಳಿದರು. ಚಾರ್ಲ್ಸ್ ಡಾರ್ವಿನ್ ಈ ಫೋಟೋಗಳಲ್ಲಿ ಕೆಲವನ್ನ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಏನೂ ಹೇಳದೆ ತೋರಿಸಿ, ಇದು ಯಾವ ಭಾವ ಅಂತ ಕೇಳಿದರು. ಕೆಲವದಕ್ಕೆ ಎಲ್ಲರೂ ಒಂದೇ ಉತ್ತರ ಕೊಟ್ಟರು, ಕೆಲವದಕ್ಕೆ ತಲೆಗೊಂದು ಮಾತು. 1872ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅದನ್ನೂ ಬರೆದರು. ಜಾಹೀರಾತಿನ ಮೊದಲು, ಆಮೇಲೆ ಫೋಟೋಗಳನ್ನೂ ಹೀಗೇ ಹೆಸರು ಮುಚ್ಚಿ ನೋಡಬೇಕು. ಲೈಟ್, ಗಲ್ಲದ ಕೋನ, ಮೇಕಪ್ ಎರಡರಲ್ಲೂ ಒಂದೇ ಇದೆಯಾ ಅಂತ ನೋಡಿದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತೆ.

ಡುಶೆನ್ ತಮ್ಮ ಕಣ್ಣನ್ನೂ ನಂಬಿದವರಲ್ಲ. 1868ರಲ್ಲಿ ಅವರು 13 ಪ್ರಕರಣಗಳ ಬಗ್ಗೆ ಬರೆದರು. ಮಕ್ಕಳ ಮೀನಖಂಡ ಪೈಲ್ವಾನರ ಹಾಗೆ ದಪ್ಪ, ಆದ್ರೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಡುಶೆನ್ ತಾವೇ ಮಾಡಿಸಿದ ಸೂಜಿಯಿಂದ ಸ್ನಾಯುವಿನ ಚೂರು ತೆಗೆದು ಮೈಕ್ರೋಸ್ಕೋಪ್ ಕೆಳಗೆ ನೋಡಿದರು. ಒಳಗೆ ಸ್ನಾಯು ಕರಗಿ ಅದರ ಜಾಗದಲ್ಲಿ ಕೊಬ್ಬು, ನಾರು ತುಂಬಿತ್ತು. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಅಂತ ಇವತ್ತಿಗೂ ಕರೆಯೋ ಕಾಯಿಲೆ ಅದೇ. ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಇಲ್ಲ.

ಕೊನೆಗೆ ಮಗ ಎಮಿಲ್ ಅಪ್ಪನ ಹತ್ತಿರ ಬಂದ, ಅವನೂ ಡಾಕ್ಟರಾಗಿದ್ದ. ಆ ಖುಷಿ ಕೆಲವೇ ವರ್ಷ. ಟೈಫಾಯ್ಡ್‌ನಿಂದ ಮಗ ಮೊದಲು ಹೋದ. 1875ರ ಸೆಪ್ಟೆಂಬರ್‌ನಲ್ಲಿ, ಮೆದುಳಿನ ರಕ್ತಸ್ರಾವದಿಂದ ಡುಶೆನ್ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಮುಖದ ಫೋಟೋಗಳ ಆಲ್ಬಂ ಅನ್ನ ಅಲ್ಲಿನ ಕಲಾಶಾಲೆಗೆ ಕೊಟ್ಟಿದ್ದರು.

ಆಂಟಿಗೆ ನಾವು ಹೇಳಿದ್ದು ಇಷ್ಟು. ಪೇಸ್‌ಮೇಕರ್ ಇರುವವರು, ಫಿಟ್ಸ್ ಇರುವವರು, ಬಸುರಿಯರು ಇದನ್ನ ಮುಟ್ಟಲೇಬಾರದು. ಉಳಿದವರಿಗೆ ದೊಡ್ಡ ಅಪಾಯವಿಲ್ಲ, ದೊಡ್ಡ ಲಾಭಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಡಬ್ಬಿ ಮೇಲೆ ಎಫ್‌ಡಿಎ ಕ್ಲಿಯರ್ಡ್ ಅಂತಿದ್ದರೆ, ಮೊದಲೇ ಮಾರಾಟದಲ್ಲಿರುವ ಯಂತ್ರಕ್ಕೆ ಇದು ಸಮ ಅಂತ ಅಮೆರಿಕದ ಇಲಾಖೆ ಒಪ್ಪಿದೆ ಅಂತ ಅರ್ಥ, ಸುಕ್ಕು ಹೋಗುತ್ತೆ ಅಂತ ಗ್ಯಾರಂಟಿ ಅಲ್ಲ. ಆದ್ರೆ ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮಕ್ಕೆ ನಿಧಾನವಾಗಿ ವಯಸ್ಸಾಯ್ತು ಅಂತ ಆಸ್ಟ್ರೇಲಿಯಾದಲ್ಲಿ ನಾಲ್ಕೂವರೆ ವರ್ಷ ನಡೆದ ಪ್ರಯೋಗವೊಂದು ತೋರಿಸಿದೆ. ಖರ್ಚು ಮಾಡಲೇಬೇಕು ಅಂದ್ರೆ ಮೊದಲು ಅದಕ್ಕೆ ಮಾಡಿ ಅಂದೆವು. ಆಸೆ ತಡೆಯೋಕೆ ಆಗಲ್ಲ ಅಂದ್ರೆ ವಾಪಸ್ ಕೊಡುವ ಅವಕಾಶ ಇರೋದನ್ನ ತಗೊಂಡು, ಒಂದು ಕೆನ್ನೆಗೆ ಮಾತ್ರ ಬಳಸಿ, ಯಾವ ಕೆನ್ನೆ ಅಂತ ಹೇಳದೆ ಮನೆಯವರನ್ನ ಕೇಳಿ ಅಂದೆವು.

ಆಂಟಿ ಸದ್ಯಕ್ಕೆ ಆರ್ಡರ್ ಮಾಡಿಲ್ಲ. ಆ ಮುದುಕನ ಫೋಟೋ ಇದ್ದರೆ ಕಳಿಸಿ ಅಂದರು, ಕಳಿಸಿದೆವು. ನೋಡಿ ಪಾಪ ಅನ್ನಿಸಿತಂತೆ.