ಬೋಧಿಧರ್ಮ
ಬೋಧಿಧರ್ಮ (ಕ್ರಿ.ಶ. 5–6ನೇ ಶತಮಾನ) ಚೀನಾದಲ್ಲಿ ಧ್ಯಾನಮಾರ್ಗವನ್ನು ಬೋಧಿಸಿದ ಬೌದ್ಧ ಭಿಕ್ಷು. ಜಪಾನಿನಲ್ಲಿ ಝೆನ್ ಎಂದು ಹೆಸರಾದ ಚಾನ್ ಪಂಥವು ಈತನನ್ನು ಚೀನಾದ ತನ್ನ ಪ್ರಥಮ ಗುರುವೆಂದು ಗೌರವಿಸುತ್ತದೆ.

ಅತಿ ಹಳೆಯ ಉಲ್ಲೇಖವಿರುವ 547ರ ಸುಮಾರಿನ ಚೀನೀ ಗ್ರಂಥವು ಈತನನ್ನು ಪರ್ಷಿಯಾ ಮೂಲದವನೆನ್ನುತ್ತದೆ. 7ನೇ ಶತಮಾನದ ಚರಿತ್ರೆಕಾರ ದಾವೊಷುವಾನ್ ದಕ್ಷಿಣ ಭಾರತದ ಬ್ರಾಹ್ಮಣನೆನ್ನುತ್ತಾನೆ. ರಾಜ್ಯಭೋಗವನ್ನು ತೊರೆದು ಭಿಕ್ಷುವಾದ ಕಾಂಚಿಯ ಪಲ್ಲವ ರಾಜಕುಮಾರನೆಂಬುದು ನಂತರದ ಐತಿಹ್ಯ. ಈತನ ಪ್ರಮುಖ ಶಿಷ್ಯ ಹುಯಿಕೆ.

ಶಾವೊಲಿನ್ ವಿಹಾರದ ಬಳಿಯ ಗುಹೆಯಲ್ಲಿ ಗೋಡೆಗೆ ಮುಖಮಾಡಿ 9 ವರ್ಷ ಧ್ಯಾನಿಸಿದನೆಂದೂ, ಅಲ್ಲಿನ ಭಿಕ್ಷುಗಳಿಗೆ ಸಮರಕಲೆ ಕಲಿಸಿದನೆಂದೂ ಪ್ರತೀತಿಯಿದೆ. ಆದರೆ 5ನೇ ಶತಮಾನದ ಕೊನೆಯಲ್ಲಿ ಆ ವಿಹಾರ ನಿರ್ಮಾಣವಾದುದು ಬಾತುವೊ ಎಂಬ ಭಾರತೀಯ ಭಿಕ್ಷುವಿಗಾಗಿ. ಪ್ರಾಚೀನ ಚರಿತ್ರೆಗಳು ಬೋಧಿಧರ್ಮನ ಸಮರಕಲೆಯನ್ನು ಹೇಳುವುದಿಲ್ಲ. ಆ ಕಥೆಗೆ ಮೂಲ, ಈತನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ 17ನೇ ಶತಮಾನದ ‘ಯಿಜಿನ್‌ಜಿಂಗ್’ ಎಂಬ ವ್ಯಾಯಾಮಗ್ರಂಥ.