ಎರಡು ನದಿಗಳ ನಡುವಿನ ನಾಡಿನ ದೊರೆ ಆರನೇ ವಿಕ್ರಮಾದಿತ್ಯ

ಕೊಪ್ಪಳ: ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ನೆಲಕ್ಕಾಗಿ ಹನ್ನೊಂದನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರು ಮತ್ತು ಚೋಳರು ಎಡೆಬಿಡದೆ ಕಾದಾಡಿದರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನೆಲದ ಊರುಗಳೇ. 1054ರಲ್ಲಿ ಚೋಳ ದೊರೆ ರಾಜಾಧಿರಾಜ ಮಡಿದ ಕೊಪ್ಪಂ ರಣರಂಗ ಇಂದಿನ ಕೊಪ್ಪಳವೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಈ ಕಾಳಗಗಳ ಕಾಲದಲ್ಲಿಯೇ ಬೆಳೆದವನು ಆರನೇ ವಿಕ್ರಮಾದಿತ್ಯ.

ಈತ ಒಂದನೇ ಸೋಮೇಶ್ವರನ ಎರಡನೆಯ ಮಗ. ತಂದೆಯ ಕಾಲದಲ್ಲಿಯೇ ದಂಡಯಾತ್ರೆಗಳನ್ನು ಮುನ್ನಡೆಸಿ ಹೆಸರು ಗಳಿಸಿದ. ವಾಸಿಯಾಗದ ರೋಗಕ್ಕೆ ತುತ್ತಾದ ತಂದೆ 1068ರಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯಲ್ಲಿ ಜಲಸಮಾಧಿ ಹೊಂದಿದ. ಪಟ್ಟ ಹಿರಿಯ ಮಗನಾದ ಎರಡನೇ ಸೋಮೇಶ್ವರನಿಗೆ ದಕ್ಕಿತು. ಚೋಳ ದೊರೆ ವೀರರಾಜೇಂದ್ರನ ಮಗಳನ್ನು ವಿವಾಹವಾದ ವಿಕ್ರಮಾದಿತ್ಯನಿಗೂ ಅಣ್ಣನಿಗೂ ನಡುವೆ ವೈಮನಸ್ಯ ಬೆಳೆಯಿತು. 1076ರಲ್ಲಿ ಯುದ್ಧ ನಡೆದು ಅಣ್ಣ ಸೆರೆಯಾದ, ತಮ್ಮ ಸಿಂಹಾಸನವೇರಿದ.

ಅಣ್ಣನ ದುರಾಡಳಿತವೇ ಇದಕ್ಕೆ ಕಾರಣವೆಂದು ಆಸ್ಥಾನ ಕವಿ, ಕಾಶ್ಮೀರದ ಬಿಲ್ಹಣ, ವಿಕ್ರಮಾಂಕದೇವಚರಿತದಲ್ಲಿ ಬಣ್ಣಿಸಿದ್ದಾನೆ. ಆದರೆ ಅದು ಗೆದ್ದವನ ಆಶ್ರಯದಲ್ಲಿ ಹುಟ್ಟಿದ ಕಾವ್ಯ. ಸೋತ ಅಣ್ಣನ ಪರವಾಗಿ ಅಂತಹ ಕಾವ್ಯವೊಂದು ಉಳಿದಿಲ್ಲ.

ಪಟ್ಟವೇರಿದ ವರ್ಷದಿಂದಲೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದ ವಿಕ್ರಮಾದಿತ್ಯ ಸುಮಾರು 50 ವರ್ಷ ಆಳಿದ. ಈ ದೀರ್ಘ ಆಳ್ವಿಕೆಗೆ ನಮ್ಮ ಜಿಲ್ಲೆಯ ಬೆಂಬಲ ದೊಡ್ಡದು. ಹೊಯ್ಸಳ ವಿಷ್ಣುವರ್ಧನ ಬಂಡೆದ್ದಾಗ ಎದುರು ನಿಂತು ಹಿಮ್ಮೆಟ್ಟಿಸಿದವನು ಎರಂಬರಗೆಯ ಸಿಂದ ಮಾಂಡಲಿಕ ಆಚುಗಿ. ಆ ಎರಂಬರಗೆಯೇ ಇಂದಿನ ಯಲಬುರ್ಗಾ. ಕುಕನೂರಿಗೆ ಸಮೀಪದ ಇಟಗಿಯಲ್ಲಿ 1112ರಲ್ಲಿ ಮಹಾದೇವ ದೇವಾಲಯ ಕಟ್ಟಿಸಿದವನು ಚಕ್ರವರ್ತಿಯ ದಂಡನಾಯಕ ಮಹಾದೇವ. ಬಳಪದ ಕಲ್ಲಿನ ಈ ಗುಡಿಯನ್ನು ಶಾಸನವು ದೇವಾಲಯಗಳ ಚಕ್ರವರ್ತಿಯೆಂದು ಕೊಂಡಾಡಿದೆ. ತಂದೆತಾಯಿಯರ ನೆನಪಿಗೂ ದಂಡನಾಯಕ ಅಲ್ಲಿಯೇ ಗುಡಿಗಳನ್ನು ಕಟ್ಟಿಸಿದ.

ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ರಚಿಸಿದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು ಎಂಬುದು ಅದರ ಮುಖ್ಯ ನಿಲುವು. ಬಂಗಾಳ, ಅಸ್ಸಾಂ ಹೊರತುಪಡಿಸಿ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳಿಗೆ ನ್ಯಾಯಾಲಯಗಳು ಇದನ್ನೇ ಆಧಾರವಾಗಿಸಿಕೊಂಡವು. ಈ ಜನ್ಮಸಿದ್ಧ ಹಕ್ಕು ಹೆಣ್ಣುಮಕ್ಕಳಿಗೂ ಸಮನಾಗಿ ದೊರೆತದ್ದು 2005ರ ಕಾನೂನು ತಿದ್ದುಪಡಿಯಿಂದ. ಅಣ್ಣನ ಪಟ್ಟ ಕಸಿದ ದೊರೆಯ ರಾಜಧಾನಿಯಲ್ಲಿಯೇ ಅಣ್ಣತಮ್ಮಂದಿರ ಪಾಲು ನಿರ್ಧರಿಸುವ ಗ್ರಂಥ ಹುಟ್ಟಿದ್ದು ಇತಿಹಾಸದ ವಿಪರ್ಯಾಸ.

ವಿಕ್ರಮಾದಿತ್ಯ 1126ರ ಸುಮಾರಿಗೆ ತೀರಿಕೊಂಡ. ಮೂರು ದಶಕ ಕಳೆಯುವಷ್ಟರಲ್ಲಿ, 1157ರ ಹೊತ್ತಿಗೆ, ಕಲ್ಯಾಣ ಕಳಚುರಿ ಬಿಜ್ಜಳನ ಕೈಸೇರಿತು. ಕತ್ತಿಯಿಂದ ಗೆದ್ದ ಸಾಮ್ರಾಜ್ಯವೂ, ಆತ ಆರಂಭಿಸಿದ ಶಕೆಯೂ ಇಂದು ಇಲ್ಲ. ವಿದ್ವಾಂಸನೊಬ್ಬನ ಗ್ರಂಥ ಮತ್ತು ದಂಡನಾಯಕನೊಬ್ಬನ ಗುಡಿ ಆ ಕಾಲದ ಹಿರಿಮೆಯನ್ನು ಇಂದಿಗೂ ಸಾರುತ್ತಿವೆ.